‘ಜನಾಂಗ’ ಶಬ್ದವೂ ವರ್ಣದ್ವೇಷ ನಿವಾರಣೆಯ ಪ್ರಯತ್ನಗಳೂ: ಕನ್ನಡನಾಡಿನ ಕೆಲವು ಸಂದರ್ಭಗಳು

ವಿಶ್ವಸಂಸ್ಥೆಯ ಮಹಾಸಭೆಯು 1965ನೆಯ ಇಸವಿ ಡಿಸೆಂಬರ್ 21ರಂದು ಅಂಗೀಕರಿಸಿದ ಒಡಂಬಡಿಕೆಯೊಂದನ್ನು ಕನ್ನಡದಲ್ಲಿ ಹೆಸರಿಸುವಾಗ ‘ಎಲ್ಲ ಬಗೆಯ ಜನಾಂಗ ತಾರತಮ್ಯದ ನಿರ್ಮೂಲನ’ವೆಂದು ಹೇಳುವುದು ವಾಡಿಕೆ. ಇಂಗ್ಲಿಷಿನ ‘ರೇಸ್’ ಎಂಬುದರ ಸ್ಥಾನದಲ್ಲಿ ‘ಜನಾಂಗ’ ಶಬ್ದವು ಹೀಗೆ ಪ್ರತಿನಿಧಿಯಾಗಿ ಬಂದು ನಿಂತಿದೆ. ಆದರೆ ಕನ್ನಡದಲ್ಲಿ ಈ ಶಬ್ದದ ವ್ಯಾಪ್ತಿಯು ಮೂಲಶಬ್ದದ ವ್ಯಾಪ್ತಿಗಿಂತ ಬಹು ದೊಡ್ಡದು. ಕ್ರೈಸ್ತರ ಸತ್ಯವೇದದ ಕನ್ನಡ ಭಾಷಾಂತರದಲ್ಲಿ ಜನಾಂಗವೆಂದರೆ ರಾಷ್ಟ್ರ. ‘ಬುಡಕಟ್ಟು ಜನಾಂಗ’ ಎಂಬಲ್ಲಿ ಅದು ಕಾಡುಮಲೆಗಳ ಪಂಗಡ. ‘ಹಿಂದುಳಿದ ಜನಾಂಗ’ವೆಂಬ ಸರಕಾರೀ ಪ್ರಯೋಗದಲ್ಲಿ ಅದು ಜಾತಿಸಮೂಹ. ಮದುವೆಯ ಮಾತುಕತೆಗೆ ಕುಳಿತ ಹಿರಿಯರು ‘ತಾವು ಯಾವ ಜನಾಂಗದವರು?’ ಎಂದು ಕೇಳಿದರೆ ಉತ್ತರವಾಗಿ ಬರಬೇಕಾದುದು ಜಾತಿಯ ಹೆಸರೇ. ಜಾತಿಯೂ ‘ರೇಸ್’ ಎಂಬುದೂ ಒಂದೇ ಅಹುದೋ ಅಲ್ಲವೋ ಎಂದು ಭಾರತ ಸರಕಾರವೂ ವಿಶ್ವಸಂಸ್ಥೆಯ ಸಮಿತಿಯೂ ದಶಕಗಳ ಕಾಲ ವಾದಿಸಿದವಷ್ಟೆ. ಕನ್ನಡ ಮಾತ್ರ ಆ ವಾದಕ್ಕೆ ಮೊದಲೇ ಎರಡಕ್ಕೂ ಒಂದೇ ಶಬ್ದವನ್ನು ಕೊಟ್ಟು ಸುಮ್ಮನಾಗಿತ್ತು. ಇದು ಭಾಷೆಯ ಅಜಾಗರೂಕತೆಯೋ, ಇಲ್ಲವೇ ಇತಿಹಾಸದಲ್ಲಿ ಇದಕ್ಕೆ ಕಾರಣವುಂಟೋ ಎಂಬುದು ವಿಚಾರಣೀಯ.

ವಿಚಾರಕ್ಕೆ ಆರಂಭವಾಗಿ ಒಂದು ವೈದಿಕ ಶಬ್ದವನ್ನು ತೆಗೆದುಕೊಳ್ಳಬಹುದು. ಋಗ್ವೇದದ ಐದನೆಯ ಮಂಡಲದ 29ನೆಯ ಸೂಕ್ತದ ಹತ್ತನೆಯ ಮಂತ್ರದಲ್ಲಿ ದಸ್ಯುಗಳಿಗೆ ‘ಅನಾಸಃ’ ಎಂಬ ವಿಶೇಷಣವಿದೆ. ಇದನ್ನು ‘ಅನ್’ ಮತ್ತು ‘ಆಸ್’ ಎಂದು ಬಿಡಿಸಿದರೆ ಬಾಯಿಲ್ಲದವರು, ಎಂದರೆ ಮಾತಿಲ್ಲದವರು ಎಂದಾಗುತ್ತದೆ. ‘ಅ’ ಮತ್ತು ‘ನಾಸ್’ ಎಂದು ಬಿಡಿಸಿದರೆ ಮೂಗಿಲ್ಲದವರು. ವ್ಯಾಕರಣವು ಎರಡಕ್ಕೂ ಅವಕಾಶ ಕೊಡುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಭಾಷ್ಯವನ್ನು ರಚಿಸಿದ ಸಾಯಣಾಚಾರ್ಯರು ಮೊದಲನೆಯ ಅರ್ಥವನ್ನು ಹಿಡಿದರು. ಅದೇ ಮಂತ್ರದಲ್ಲಿ ‘ಮೃಧ್ರವಾಚಃ’ ಎಂಬ, ಮಾತಿನ ದೋಷವನ್ನೇ ಹೇಳುವ ಇನ್ನೊಂದು ವಿಶೇಷಣವು ಕೂಡಿ ಬಂದಿರುವುದರಿಂದ ಪ್ರಕರಣವು ಅವರ ಪಕ್ಷಕ್ಕೆ ಅನುಕೂಲವಾಗಿದೆ. ಮ್ಯಾಕ್ಸ್‌ಮುಲ್ಲರ್ ಮೊದಲಾದ ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ಪಂಡಿತರು ಎರಡನೆಯದನ್ನು ಹಿಡಿದು, ‘ಮೂಗಿಲ್ಲದವರು’ ಎಂದರೆ ‘ಚಪ್ಪಟೆ ಮೂಗಿನವರು’ ಎಂದು ಲಕ್ಷಣೆಯನ್ನೂ ಮಾಡಿಕೊಂಡರು. ಮಾತಿನ ಭೇದವು ಹೀಗೆ ಮುಖದ ಭೇದವಾಯಿತು.

ಇಷ್ಟಕ್ಕೇ ನಿಂತಿದ್ದರೆ ಅದು ವಿದ್ವಾಂಸರ ಕಲಹವೆಂದು ಬಿಡಬಹುದಾಗಿತ್ತು. ಆದರೆ ಬಂಗಾಳದ ಅಧಿಕಾರಿ ಹರ್ಬರ್ಟ್ ರಿಸ್ಲಿಯವರು ಈ ಅರ್ಥದ ಆಸರೆಯಿಂದಲೇ 1891ರಲ್ಲಿ ಒಂದು ಸಿದ್ಧಾಂತವನ್ನು ಕಟ್ಟಿದರು. ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಯು ಹೆಚ್ಚಾದಷ್ಟೂ ಜಾತಿಯ ಸಾಮಾಜಿಕ ಸ್ಥಾನವು ಕೆಳಗಿಳಿಯುತ್ತದೆಂಬುದು ಆ ಸಿದ್ಧಾಂತ. ಅಂದರೆ ಜಾತಿಯು ‘ರೇಸ್’ ಎಂಬುದರ ಪರಿಣಾಮ. ಅಳತೆಯ ಕಡ್ಡಿಯಿಂದ ಅದನ್ನು ತೋರಿಸಬಹುದು. 1901ರ ಜನಗಣತಿಗೆ ರಿಸ್ಲಿಯವರೇ ಅಧ್ಯಕ್ಷರಾದುದರಿಂದ ಈ ಮತವು ರಾಜಮುದ್ರೆಯನ್ನು ಪಡೆಯಿತು. ಈ ನಿಯಮವು ಉತ್ತರದೇಶದ ಹೊರಗೆ ನಿಲ್ಲುವುದಿಲ್ಲವೆಂದು ಜಿ. ಎಸ್. ಘುರ್ಯೆಯವರು 1932ರಲ್ಲಿ ತೋರಿಸಿದರು. ಆದರೆ ಅಷ್ಟರಲ್ಲಿ ಅಳತೆಯ ಕಡ್ಡಿ ದೇಶವನ್ನೆಲ್ಲ ಸುತ್ತಿಬಂದಿತ್ತು.

‘ದ್ರಾವಿಡ’ ಶಬ್ದದ ಗತಿಯೂ ಇಂತಹದೇ. ಪ್ರಾಚೀನರ ಪಂಚದ್ರಾವಿಡ ಗಣನೆಯಲ್ಲಿ ಕರ್ಣಾಟಕ, ತೈಲಂಗ, ದ್ರಾವಿಡರೊಡನೆ ಮಹಾರಾಷ್ಟ್ರರೂ ಗುರ್ಜರರೂ ಸೇರಿದ್ದಾರೆ. ಅದು ವಿಂಧ್ಯದ ದಕ್ಷಿಣದ ದೇಶವಾಸವನ್ನು ಹೇಳುವ ಮಾತೇ ಹೊರತು ರಕ್ತವನ್ನು ಹೇಳುವ ಮಾತಲ್ಲ. ಕಾಲ್ಡ್‌ವೆಲ್ಲರು 1856ರಲ್ಲಿ ಅದನ್ನು ಭಾಷಾಕುಟುಂಬದ ಹೆಸರನ್ನಾಗಿ ಮಾಡಿದ್ದು ಶಾಸ್ತ್ರಕ್ಕೆ ಉಪಕಾರವೇ ಆಯಿತು. ಭಾಷೆಯ ಹೆಸರನ್ನು ಮೈಗೆ ಅಂಟಿಸಿದವರು ಅನಂತರದವರು.

ಮೈಸೂರು ಸಂಸ್ಥಾನದಲ್ಲಿ ಜಾತಿ ಪಂಗಡಗಳ ವೃತ್ತಾಂತಶೋಧನೆಯ ಭಾರವನ್ನು 1903ರಲ್ಲಿ ಹೊತ್ತವರು ಹೆಚ್. ವಿ. ನಂಜುಂಡಯ್ಯನವರು. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲನೆಯ ಅಧ್ಯಕ್ಷರೂ, 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲನೆಯ ಉಪಕುಲಪತಿಗಳೂ ಅವರೇ ಎಂಬುದು ಸುಪ್ರಸಿದ್ಧ. ಅವರು ಪಂಗಡ ಪಂಗಡಗಳಿಗೆ ಪ್ರತ್ಯೇಕ ಪುಸ್ತಿಕೆಗಳನ್ನು ಬರೆದು, ಮದುವೆ, ಮರಣ, ದೈವ, ಕುಲಾಚಾರ, ನ್ಯಾಯಪಂಚಾಯಿತಿಗಳ ವಿವರವನ್ನು ನ್ಯಾಯಾಧೀಶರಿಗೆ ತಕ್ಕ ಎಚ್ಚರದಿಂದ ಸಂಗ್ರಹಿಸಿದರು. ಅವರ ಗಮನವು ಮೂಗಿಗಿಂತ ಹೆಚ್ಚಾಗಿ ಆಚಾರಗಳ ಮೇಲಿತ್ತೆಂಬುದು ಓದಿದವರಿಗೆ ತಿಳಿಯುತ್ತದೆ. ಗ್ರಂಥವು ಪೂರ್ತಿಯಾಗುವ ಮುನ್ನವೇ 1920ರಲ್ಲಿ ಅವರು ತೀರಿಕೊಂಡರು. ಕೆಲಸವು ಎಲ್. ಕೆ. ಅನಂತಕೃಷ್ಣ ಅಯ್ಯರವರ ಕೈಸೇರಿ, 1928ರಿಂದ 1935ರ ವರೆಗೆ ನಾಲ್ಕು ಸಂಪುಟಗಳಾಗಿ ಹೊರಬಂದಿತು.

ನಂಜುಂಡಯ್ಯನವರ ಬಳಿಕ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಬಂದು 1930ರ ವರೆಗೆ ಇದ್ದವರು ಬಂಗಾಳದ ಬ್ರಜೇಂದ್ರನಾಥ ಶೀಲರು. ಕಲ್ಕತ್ತೆಯಲ್ಲಿ ಅವರು ಬಿಟ್ಟ ತತ್ತ್ವಶಾಸ್ತ್ರದ ಪೀಠಕ್ಕೆ 1921ರಲ್ಲಿ ಮೈಸೂರಿನಿಂದ ಹೋದವರು ರಾಧಾಕೃಷ್ಣನ್ ಅವರು. ಹೀಗೆ ಎರಡು ವಿದ್ಯಾಪೀಠಗಳೂ ಒಬ್ಬೊಬ್ಬ ದಾರ್ಶನಿಕರನ್ನು ಬದಲಾಯಿಸಿಕೊಂಡವು. ಶೀಲರನ್ನು ಮೈಸೂರಿನಲ್ಲಿ ಜ್ಞಾಪಿಸಿಕೊಳ್ಳುವುದು ಅವರ ಪಾಂಡಿತ್ಯಕ್ಕಾಗಿ ಮತ್ತು 1923ರಲ್ಲಿ ವರದಿಯನ್ನೊಪ್ಪಿಸಿದ ರಾಜ್ಯಾಂಗಸುಧಾರಣೆಯ ಸಮಿತಿಯ ಅಧ್ಯಕ್ಷತೆಗಾಗಿ. ಆದರೆ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಅದಕ್ಕೆ ಹಿಂದಿನದು, ಮತ್ತು ಅದನ್ನು ಇಲ್ಲಿಯ ಬರಹಗಾರರು ಸಾಕಷ್ಟು ಗಮನಿಸಿಲ್ಲವೆಂದೇ ಹೇಳಬೇಕು.

1911ನೆಯ ಇಸವಿ ಜುಲೈ 26ರಿಂದ 29ರ ವರೆಗೆ ಲಂಡನ್ ವಿಶ್ವವಿದ್ಯಾನಿಲಯದಲ್ಲಿ ‘ಸರ್ವಜನಾಂಗ ಮಹಾಸಭೆ’ಯೊಂದು ಸೇರಿತು. ನೀತಿಸಂಘಗಳ ಫೀಲಿಕ್ಸ್ ಆಡ್ಲರರು ಅದರ ಪ್ರೇರಕರು. ಗುಸ್ತಾವ್ ಸ್ಪಿಲ್ಲರರು ಕಾರ್ಯಕರ್ತರು. ಪೂರ್ವ ಪಶ್ಚಿಮಗಳ ಜನರಲ್ಲಿ, ಬಿಳಿಯರೆಂದೂ ವರ್ಣೀಯರೆಂದೂ ಕರೆಸಿಕೊಳ್ಳುವವರಲ್ಲಿ, ಪರಸ್ಪರ ತಿಳಿವಳಿಕೆಯನ್ನು ಬೆಳೆಸುವುದು ಅದರ ಉದ್ದೇಶ. ಅಮೆರಿಕೆಯ ನೀಗ್ರೋ ಜನರ ಪರವಾಗಿ ಡು ಬಾಯಿಸ್, ದಕ್ಷಿಣ ಆಫ್ರಿಕದ ಮೂಲನಿವಾಸಿಗಳ ವಿಷಯದಲ್ಲಿ ಟೆಂಗೋ ಜಬವು, ಭಾರತದ ವಿಷಯದಲ್ಲಿ ಗೋಪಾಲಕೃಷ್ಣ ಗೋಖಲೆಯವರು ಪ್ರಬಂಧಗಳನ್ನು ಒಪ್ಪಿಸಿದ್ದರು. ಅಮೆರಿಕೆಗೆ ಬಂದು ನೆಲಸಿದವರ ಮಕ್ಕಳ ತಲೆಯ ಆಕಾರವು ತಂದೆತಾಯಿಗಳದಕ್ಕಿಂತ ಬೇರೆಯಾಗುತ್ತದೆಂಬ ತಮ್ಮ ಅಳತೆಗಳ ಬಲದಿಂದ, ಮಾನವಮಾದರಿಗಳು ಸ್ಥಿರವಲ್ಲವೆಂದು ಫ್ರಾಂಜ್ ಬೋವಾಸರು ವಾದಿಸಿದರು. ಇಂತಹ ಸಭೆಯ ಮೊದಲನೆಯ ಪ್ರಬಂಧ ಬ್ರಜೇಂದ್ರನಾಥ ಶೀಲರದು. ವಿಷಯ: ‘ರೇಸ್’, ಬುಡಕಟ್ಟು, ರಾಷ್ಟ್ರ ಎಂಬ ಮೂರು ಪದಗಳ ಅರ್ಥವೇನು?

ಸಭೆಯ ಬಾಗಿಲನ್ನು ತೆರೆದದ್ದು ಪದಾರ್ಥನಿರ್ಣಯದಿಂದ ಎಂಬುದು ನ್ಯಾಯಶಾಸ್ತ್ರವನ್ನು ಓದಿದವರಿಗೆ ಸಂತೋಷವನ್ನುಂಟುಮಾಡತಕ್ಕ ಸಂಗತಿ. ಲಕ್ಷಣವನ್ನು ಹೇಳದೆ ಪರೀಕ್ಷೆಗೆ ಹೊರಡಬಾರದಷ್ಟೆ. ಶೀಲರ ವಾದದ ಸಾರವಿಷ್ಟು: ಅಳತೆಗಳಿಂದ ಸಿಕ್ಕುವ ಸರಾಸರಿ ಲಕ್ಷಣವನ್ನು ನಿತ್ಯವೆಂದು ಭಾವಿಸುವುದು ತಪ್ಪು. ಪರಿಸರ, ಮಿಶ್ರಣ, ಆಯ್ಕೆ ಇವುಗಳಿಂದ ಜನರ ಮಾದರಿಗಳು ಹುಟ್ಟುತ್ತವೆ, ಬೆಳೆಯುತ್ತವೆ, ಬದಲಾಗುತ್ತವೆ. ಆದುದರಿಂದ ಅವನ್ನು ನಿಂತ ವಸ್ತುವಿನಂತೆ ಅಲ್ಲ, ಉತ್ಪತ್ತಿಯ ಮತ್ತು ಬೆಳವಣಿಗೆಯ ದೃಷ್ಟಿಯಿಂದ ನೋಡಬೇಕು. ರಾಷ್ಟ್ರವೆಂಬುದೂ ವಿಶ್ವಮಾನವತೆಯ ದಾರಿಯಲ್ಲಿ ಒಂದು ಘಟ್ಟ. ಹೀಗೆ ನೋಡಿದರೆ ಮಾತ್ರ ಜನಜನರ ನಡುವಿನ ಹಕ್ಕುಬಾಧ್ಯತೆಗಳನ್ನು ಶಾಸ್ತ್ರೀಯವಾಗಿ ಇತ್ಯರ್ಥಗೊಳಿಸುವುದು ಸಾಧ್ಯ. ವಿಶೇಷವೆಂದರೆ ಶೀಲರು ಅಳತೆಯನ್ನೇ ನಿರಾಕರಿಸಲಿಲ್ಲ. ಅಳತೆಯಿಂದ ನಿತ್ಯತ್ವವನ್ನು ಸಾಧಿಸುವ ಹೇತುವನ್ನು ಮಾತ್ರ ಹೇತ್ವಾಭಾಸವೆಂದರು.

ಈ ಮಹಾಸಭೆ ಎರಡನೆಯ ಬಾರಿ ಸೇರಲಿಲ್ಲ. 1914ರ ಯುದ್ಧವು ಅದನ್ನು ನುಂಗಿತು. ಯುದ್ಧಾನಂತರ ಪ್ಯಾರಿಸಿನಲ್ಲಿ ಜಪಾನಿನವರು ರಾಷ್ಟ್ರಸಂಘದ ನಿಬಂಧನೆಯಲ್ಲಿ ಸಮಾನತೆಯ ಮಾತೊಂದನ್ನು ಸೇರಿಸಬೇಕೆಂದು ಕೇಳಿದಾಗ, 1919ನೆಯ ಏಪ್ರಿಲ್ 11ರಂದು 17 ಮತಗಳಲ್ಲಿ 11 ಅದರ ಪರವಾಗಿದ್ದರೂ, ಸರ್ವಾನುಮತವಿಲ್ಲವೆಂದು ಅಧ್ಯಕ್ಷ ವಿಲ್ಸನ್ನರು ಅದನ್ನು ತಳ್ಳಿಹಾಕಿದರು. ಅದೇ ವರ್ಷ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ನೇಮಿಸಿದ್ದ ಮಿಲ್ಲರ್ ಸಮಿತಿಯು ತನ್ನ ವರದಿಯನ್ನೊಪ್ಪಿಸಿತು. ಸರಕಾರೀ ನೌಕರಿಯಲ್ಲಿ ಬ್ರಾಹ್ಮಣೇತರರ ಅಲ್ಪಸಂಖ್ಯೆಯನ್ನು ಆ ಸಮಿತಿಯು ರಕ್ತದಿಂದಾಗಲಿ ಮೂಗಿನಿಂದಾಗಲಿ ವಿವರಿಸದೆ, ಪ್ರಾತಿನಿಧ್ಯದ ಮತ್ತು ವಿದ್ಯೆಯ ಅಂಕಿಗಳಿಂದ ವಿವರಿಸಿತೆಂಬುದು ಗಮನಾರ್ಹ. ಕನ್ನಡದ ‘ಹಿಂದುಳಿದ ಜನಾಂಗ’ವು ಈ ದೃಷ್ಟಿಯ ಸಂತಾನ.

ಇನ್ನು ಹೇಳಬೇಕಾದ ಸಂಗತಿ ಅಷ್ಟು ಹಿತವಾದುದಲ್ಲ. ನಂಜುಂಡಯ್ಯನವರ ಗ್ರಂಥದ ಒಂದನೆಯ ಸಂಪುಟವು ಕೊನೆಯಲ್ಲಿ, 1935ರಲ್ಲಿ, ಅಚ್ಚಾಯಿತು. ಅದರ ಆರಂಭದ ಭಾಗದಲ್ಲಿ ಭಾರತದ ಜನಾಂಗೇತಿಹಾಸದಲ್ಲಿ ಮೈಸೂರಿನ ಸ್ಥಾನವೇನೆಂಬ ದೀರ್ಘ ಪ್ರಬಂಧವಿದೆ. ಬರೆದವರು ಜರ್ಮನಿಯ ಬ್ರೆಸ್ಲೌ ವಿಶ್ವವಿದ್ಯಾನಿಲಯದ ಎಗಾನ್ ಫಾನ್ ಐಕ್‌ಸ್ಟೆಟ್. ಅವರು 1926ರಿಂದ 1929ರ ವರೆಗೆ ಭಾರತದಲ್ಲಿ ಸಂಚರಿಸಿ ಜನರನ್ನು ಅಳೆದು, ‘ವೆಡ್ಡಿಡ್’, ‘ಮೆಲನಿಡ್’, ‘ಇಂಡಿಡ್’ ಎಂಬ ಹೆಸರುಗಳನ್ನಿಟ್ಟು ವರ್ಗೀಕರಿಸಿದವರು. ಅದೇ 1935ರ ಸೆಪ್ಟೆಂಬರಿನಲ್ಲಿ ಅವರ ದೇಶದಲ್ಲಿ ನ್ಯೂರೆಂಬರ್ಗ್ ಶಾಸನಗಳು ಹೊರಟು, ಅಜ್ಜಅಜ್ಜಿಯರ ಲೆಕ್ಕದಿಂದ ಯೆಹೂದ್ಯರು ಪೌರತ್ವವನ್ನು ಕಳೆದುಕೊಂಡರು. ಶೀಲರು ಮೈಸೂರನ್ನು ಬಿಟ್ಟು ಆಗ ಐದು ವರ್ಷ ಕಳೆದಿತ್ತು. 1911ರಲ್ಲಿ ಅವರು ಖಂಡಿಸಿದ್ದ ಸ್ಥಿರಮಾದರಿಯ ಕಲ್ಪನೆಯು ಅವರೇ ನಡೆಸಿದ್ದ ವಿಶ್ವವಿದ್ಯಾನಿಲಯದ ಪ್ರಕಟಣೆಯ ಮುನ್ನೆಲೆಯಲ್ಲಿ ಬಂದು ಕುಳಿತದ್ದನ್ನು ಸಂಪಾದಕರ ಔದಾರ್ಯವೆಂದು ಸಮರ್ಥಿಸುವುದು ಕಷ್ಟ. ಗ್ರಂಥದ ಉಳಿದ ಭಾಗದಲ್ಲಿ ಒಕ್ಕಲಿಗ, ಕುರುಬ, ಬೇಡ, ಹೊಲೆಯ, ಮಾದಿಗರ ಮನೆಮಾತು ಆಚಾರಗಳ ಅಮೂಲ್ಯ ಸಂಗ್ರಹವಿರುವುದರಿಂದ, ಓದುವವರು ತಲೆಬಾಗಿಲನ್ನು ಬಿಟ್ಟು ಒಳಮನೆಗೆ ಹೋಗುವುದು ಲೇಸು.

ಎರಡನೆಯ ಮಹಾಯುದ್ಧದ ದುರಂತವಾದ ಮೇಲೆ ಯುನೆಸ್ಕೋ ಸಂಸ್ಥೆಯು 1949ರ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ಎಂಟು ಮಂದಿ ವಿದ್ವಾಂಸರನ್ನು ಕರೆಯಿಸಿತು. ಭಾರತದಿಂದ ಹುಮಾಯೂನ್ ಕಬೀರರಿದ್ದರು. 1950ರ ಜುಲೈ ತಿಂಗಳಲ್ಲಿ ಹೊರಬಿದ್ದ ಅವರ ಹೇಳಿಕೆಯು ಮನುಷ್ಯಕುಲವು ಒಂದೇ ಎಂದೂ ‘ರೇಸ್’ ಎಂಬುದು ಜೀವಶಾಸ್ತ್ರದ ಸಂಗತಿಗಿಂತ ಹೆಚ್ಚಾಗಿ ಸಮಾಜದ ಕಲ್ಪನೆಯೆಂದೂ ಸಾರಿತು. ಶೀಲರು 1938ರಲ್ಲೇ ಗತಿಸಿದ್ದರು.

ಶಾಸ್ತ್ರದಿಂದ ಈಗ ಶಾಸನಕ್ಕೆ ಬರಬೇಕು. ಇಲ್ಲಿ ಕನ್ನಡ ಕರಾವಳಿಯ ಒಂದು ಮನೆತನದ ಹೆಸರು ಬರುತ್ತದೆ. ಮಂಗಳೂರಿನ ಬೆನಗಲ್ ಸೋದರರಲ್ಲಿ ರಾಮರಾಯರು 1938ರಿಂದ 1941ರ ವರೆಗೆ ದಕ್ಷಿಣ ಆಫ್ರಿಕದಲ್ಲಿ ಭಾರತ ಸರಕಾರದ ಪ್ರತಿನಿಧಿಗಳಾಗಿದ್ದರು. ಟ್ರಾನ್ಸ್‌ವಾಲಿನಲ್ಲಿ ಏಷ್ಯಾದವರ ಭೂಮಿವ್ಯಾಪಾರಗಳನ್ನು ಕಟ್ಟಿಹಾಕಿದ 1939ರ ಶಾಸನವು ಹೊರಟದ್ದು ಅವರ ಕಾಲದಲ್ಲಿಯೇ. ಈ ಕಲಹವು ಬೆಳೆದು, 1946ರಲ್ಲಿ ಭಾರತವು ಅದನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. ಇದು ದಕ್ಷಿಣ ಆಫ್ರಿಕದ ಒಳಮನೆಯ ವ್ಯವಹಾರವೆಂಬ ಆಕ್ಷೇಪವನ್ನು ಬದಿಗೊತ್ತಿ ಮಹಾಸಭೆಯು ಡಿಸೆಂಬರ್ 8ರಂದು 32 ಮತಗಳಿಂದ, 15 ವಿರುದ್ಧಮತಗಳೆದುರಿಗೆ, ಭಾರತದ ಪಕ್ಷವನ್ನು ಎತ್ತಿಹಿಡಿಯಿತು. ಮುಂದಿನ ಒಡಂಬಡಿಕೆಗಳಿಗೆಲ್ಲ ಈ ನಿರ್ಣಯವೇ ಹೆಬ್ಬಾಗಿಲು.

ಹಿರಿಯ ಸೋದರ ನರಸಿಂಗರಾಯರು ಸಂವಿಧಾನಸಭೆಯ ಸಲಹೆಗಾರರಾಗಿ, ಸಂವಿಧಾನದ ಮೊದಲನೆಯ ಕರಡನ್ನು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿದವರು. ಅಂತಿಮ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ‘ರೇಸ್’ ಮತ್ತು ಜಾತಿಗಳು ಪ್ರತ್ಯೇಕ ಪದಗಳಾಗಿ ಒಂದರ ಪಕ್ಕದಲ್ಲೊಂದು ನಿಂತಿವೆ. ಹಿಂದೀ ಪಾಠವು ಮೊದಲನೆಯದನ್ನು ‘ಮೂಲವಂಶ’ವೆನ್ನುತ್ತದೆ. ಸರಕಾರೀ ಉದ್ಯೋಗವನ್ನು ಕುರಿತ 16ನೆಯ ಅನುಚ್ಛೇದದಲ್ಲಿ ಇವೆರಡರ ಜೊತೆಗೆ ‘ಡಿಸೆಂಟ್’ ಎಂಬ ಮೂರನೆಯ ಪದವೂ ಉಂಟು. ಈ ಪದದ ಚರಿತ್ರೆ ಸ್ವಾರಸ್ಯವಾಗಿದೆ. 1833ರ ಸನ್ನದು ಶಾಸನದ 87ನೆಯ ಕಲಮು ಧರ್ಮ, ಜನ್ಮಸ್ಥಳ, ‘ಡಿಸೆಂಟ್’, ವರ್ಣ ಇವುಗಳ ಕಾರಣದಿಂದ ಮಾತ್ರ ಯಾರನ್ನೂ ಕಂಪೆನಿಯ ಉದ್ಯೋಗಕ್ಕೆ ಅನರ್ಹರೆನ್ನಬಾರದೆಂದು ಹೇಳಿತ್ತು. ಅದೇ ನಾಲ್ಕು ಪದಗಳು 1935ರ ಶಾಸನದ 298ನೆಯ ಕಲಮಿನಲ್ಲಿ ಮರಳಿ ಬಂದವು. ಅಲ್ಲಿಂದ ಸಂವಿಧಾನಕ್ಕೆ ಬಂದ ಆ ಪದವು, ಕೊನೆಗೆ 1965ರಲ್ಲಿ, ಒಡಂಬಡಿಕೆಯ ಮೊದಲನೆಯ ಅನುಚ್ಛೇದದಲ್ಲಿ ಸೇರಿತು. ಸೇರಿಸಬೇಕೆಂದು ಸೂಚಿಸಿದವರು ಭಾರತದ ಪ್ರತಿನಿಧಿಗಳೇ.

ಭಾರತವು ಒಡಂಬಡಿಕೆಯನ್ನು 1968ರ ಡಿಸೆಂಬರ್ 3ರಂದು ಸ್ಥಿರೀಕರಿಸಿತು. ಆದರೆ ಮೂರು ದಶಕಗಳ ಬಳಿಕ ವಿಶ್ವಸಂಸ್ಥೆಯ ಸಮಿತಿಯು ಅಸ್ಪೃಶ್ಯತೆಯ ವಿಷಯವಾಗಿ ಪ್ರಶ್ನಿಸಿದಾಗ, ಜಾತಿಯು ‘ರೇಸ್’ ಅಲ್ಲವಾದುದರಿಂದ ಒಡಂಬಡಿಕೆಗೆ ಒಳಪಡದೆಂದು ಸರಕಾರವು ಉತ್ತರವಿತ್ತಿತು. 2001ರ ಆಗಸ್ಟ್ 31ರಿಂದ ಸೆಪ್ಟೆಂಬರ್ 8ರ ವರೆಗೆ ಡರ್ಬನ್ನಿನಲ್ಲಿ ನಡೆದ ಮಹಾಸಮ್ಮೇಳನದಲ್ಲಿಯೂ ಇದೇ ನಿಲವು. ಸಮಾಜಶಾಸ್ತ್ರಜ್ಞ ಆಂದ್ರೆ ಬೆತೆಯ್ ಅವರು ಸಹ ಜಾತಿಯನ್ನು ‘ರೇಸ್’ ಎಂದು ಕರೆಯುವುದು ವಿಜ್ಞಾನವು ತಿರಸ್ಕರಿಸಿದ ಕಲ್ಪನೆಯನ್ನು ಮತ್ತೆ ಎಬ್ಬಿಸಿದಂತೆ ಎಂದು ಎಚ್ಚರಿಸಿದರು. ಅವರ ಮಾತಿನಲ್ಲಿ ಸತ್ಯವುಂಟು. ಆದರೆ ಸರಕಾರದ ಬಾಯಲ್ಲಿ ಅದೇ ಮಾತಿಗೆ ಬೇರೆ ಬಣ್ಣ ಬರುತ್ತದೆ. 1891ರಿಂದ 1935ರ ವರೆಗೆ ಅಳೆಯುವಾಗ ಒಂದಾಗಿದ್ದವು ದೂರು ಕೇಳುವಾಗ ಬೇರೆಯಾದವು. ದಲಿತ ಮಹಿಳೆಯರ ಪ್ರಶ್ನೆಯನ್ನು ಅಂತರರಾಷ್ಟ್ರೀಯ ವೇದಿಕೆಗಳಿಗೆ ಒಯ್ದ ಬೆಂಗಳೂರಿನ ರೂತ್ ಮನೋರಮಾ ಮೊದಲಾದವರ ಆಕ್ಷೇಪದ ತಿರುಳು ಇದೇ. ಭಾರತದ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಜೆ. ಎಸ್. ವರ್ಮರು, ಭೇದಕ್ಕೆ ಯಾವ ಹೆಸರೆಂಬುದಕ್ಕಿಂತ ಭೇದವು ಉಳಿದಿದೆಯೆಂಬುದೇ ಮುಖ್ಯವೆಂದು ಡರ್ಬನ್ನಿನಲ್ಲಿ ಹೇಳಿದರು.

ವಸ್ತುತಃ ಜಾತಿಯನ್ನು ‘ರೇಸ್’ ಎಂದು ಸಾಧಿಸುವ ಆವಶ್ಯಕತೆಯೇ ಇಲ್ಲ. ‘ಡಿಸೆಂಟ್’ ಎಂಬ ಪ್ರತ್ಯೇಕ ಪದವಿರುವಾಗ ಅದು ವ್ಯರ್ಥವಾಗದಂತೆ ಅರ್ಥಮಾಡಬೇಕೆಂಬುದು ಮೀಮಾಂಸಕರ ಮೊದಲ ಪಾಠ. ಸಮಿತಿಯು 2002ರ ಆಗಸ್ಟಿನಲ್ಲಿ ಹೊರಡಿಸಿದ 29ನೆಯ ಸಾಮಾನ್ಯ ಶಿಫಾರಸಿನಲ್ಲಿ ಜಾತಿಯಂತಹ ಹುಟ್ಟಿನಿಂದ ಬರುವ ಭೇದಗಳೂ ಆ ಪದದಲ್ಲಿ ಅಡಗಿವೆಯೆಂದು ವ್ಯಾಖ್ಯಾನಿಸಿದ್ದು ಈ ನ್ಯಾಯಕ್ಕೆ ಅನುಗುಣವಾಗಿದೆ. ಆ ಪದಕ್ಕೆ ಕನ್ನಡದಲ್ಲಿ ವಂಶ, ಅನ್ವಯ, ಸಂತತಿ ಎಂಬ ಶಾಸನಗಳ ಶಬ್ದಗಳಿದ್ದರೂ, ಅವೆಲ್ಲ ಹೆಮ್ಮೆಯ ಸಂದರ್ಭದವು. ‘ಹುಟ್ಟು’ ಎಂಬ ಅಚ್ಚಗನ್ನಡ ಮಾತು ಮೇಲುಕೀಳು ಎರಡಕ್ಕೂ ಸಲ್ಲುತ್ತದೆ.

ಕರ್ಣಾಟಕದಲ್ಲಿ ಮೈಬಣ್ಣವೂ ಹುಟ್ಟೂ ಒಂದೆಡೆ ಕೂಡಿದ ಜನರೆಂದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿರುವ ಸಿದ್ದಿಗಳು. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರಾದ ಇವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು; 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣಗೊಂಡರು.

ಬೆಂಗಳೂರಿನ ದಕ್ಷಿಣಭಾಗದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಬಿ.ಟಿ.ಎಂ. ಬಡಾವಣೆಯ ಹೆಸರು ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಹಳ್ಳಿಗಳ ಮೊದಲಕ್ಷರಗಳ ಸಂಕ್ಷೇಪ. ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಗಳ ಮೇಲೆ ತಮಿಳು ಶಾಸನಗಳಿದ್ದು, 1247ರದೊಂದು ಬೆಂಗಳೂರಿನ ಕೆರೆಯ ಕೆಳಗಣ ಭೂದಾನವನ್ನು ಹೇಳುತ್ತದೆ. ಸಮೀಪದ ಬೇಗೂರಿನಲ್ಲಿ ‘ಬೆಂಗಳೂರ ಕಾಳಗ’ವನ್ನು ಹೇಳುವ, ಸುಮಾರು 890ರ ಕನ್ನಡ ವೀರಗಲ್ಲಿದೆ. ಈ ನೆಲದಲ್ಲಿ ಕಲ್ಲುಗಳೇ ಎರಡು ಭಾಷೆಗಳಲ್ಲಿ ಮಾತನಾಡುತ್ತವೆ; ಜಯನಗರ, ಬನಶಂಕರಿಗಳೆಂಬ ಬಡಾವಣೆಗಳು ಹುಟ್ಟುವ ಎಷ್ಟೋ ಶತಮಾನಗಳ ಹಿಂದೆಯೇ ಇಲ್ಲಿ ಹೊರಗಿನವರು ಬಂದು ದತ್ತಿಬಿಟ್ಟು ಊರವರಾಗಿದ್ದರು.

2012ರ ಆಗಸ್ಟ್ ತಿಂಗಳ ಮಧ್ಯದಲ್ಲಿ, ಅಸ್ಸಾಮಿನ ಗಲಭೆಗಳ ಬೆನ್ನಿಗೆ, ಈಶಾನ್ಯ ಸೀಮೆಯವರ ಮೇಲೆ ದಾಳಿಯಾಗುವುದೆಂಬ ಗಾಳಿಮಾತು ದೂರವಾಣಿಯ ಕಿರುಸಂದೇಶಗಳ ಮೂಲಕ ಹಬ್ಬಿತು. ಬಿ.ಟಿ.ಎಂ., ಕೋರಮಂಗಲ ಮುಂತಾದ ಬಡಾವಣೆಗಳ ಹೋಟೆಲು, ಅಂಗಡಿ, ಕಾವಲು ಕೆಲಸಗಳಲ್ಲಿದ್ದವರೂ ವಿದ್ಯಾರ್ಥಿಗಳೂ ಸಹಸ್ರಗಟ್ಟಲೆಯಾಗಿ ಕೆಲವೇ ದಿನಗಳಲ್ಲಿ ಊರನ್ನು ಬಿಟ್ಟರು. ಗೌಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕಿರುಸಂದೇಶಗಳ ಸಂಖ್ಯೆಗೆ ಕೇಂದ್ರ ಸರಕಾರವು ಮಿತಿ ಹಾಕಿತು. ಊರು ಬಿಟ್ಟವರನ್ನು ಉಳಿದವರಿಂದ ಬೇರ್ಪಡಿಸಿ ತೋರಿಸುತ್ತಿದ್ದುದು ಅವರ ಮುಖವೊಂದೇ. ‘ಅನಾಸಃ’ ಶಬ್ದದ ಚರ್ಚೆಯು ಪುಸ್ತಕದ ಚರ್ಚೆ ಮಾತ್ರವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಇಂತಹವರನ್ನು ಮುಖ ನೋಡಿ ಹೀಯಾಳಿಸಿದರೆ ಪರಿಶಿಷ್ಟರ ಮೇಲಣ ದೌರ್ಜನ್ಯದ ಶಾಸನವನ್ನು ಅನ್ವಯಿಸಬಹುದೆಂದು ಅದೇ ವರ್ಷ ಕೇಂದ್ರ ಗೃಹಖಾತೆಯು ತಿಳಿಸಿತ್ತು. ಆದರೆ ಆ ರಕ್ಷಣೆ ಪಟ್ಟಿಯಲ್ಲಿದ್ದವರಿಗೆ ಮಾತ್ರ. ಬಯ್ಯುವವನು ನಾಗನೆಂದಾಗಲಿ ಮಣಿಪುರದ ಮೈತೇಯಿಯೆಂದಾಗಲಿ ವಿಚಾರಿಸಿ ಬಯ್ಯುವುದಿಲ್ಲ. ಶಾಸನವು ಮಾತ್ರ ವಿಚಾರಿಸುತ್ತದೆ, ಮತ್ತು ಪಟ್ಟಿಯಲ್ಲಿಲ್ಲದ ಮೈತೇಯಿಯನ್ನು ಹೊರಗೇ ನಿಲ್ಲಿಸುತ್ತದೆ. 2014ರಲ್ಲಿ ಬೆಜ್‌ಬರುವಾ ಸಮಿತಿಯು ದಂಡಸಂಹಿತೆಗೆ 153-ಸಿ ಮತ್ತು 509-ಎ ಎಂಬ ಎರಡು ಹೊಸ ಕಲಮುಗಳನ್ನು ಸೇರಿಸಬೇಕೆಂದು ಸೂಚಿಸಿತು. 2016ರ ಡಿಸೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯವು ಕರ್ಮ ದೋರ್ಜಿ ಎಂಬವರ ಪ್ರಕರಣದಲ್ಲಿ, ಇಂತಹ ಕೃತ್ಯಗಳ ಮೇಲೆ ಕಣ್ಣಿಡಲು ಸಮಿತಿಯೊಂದನ್ನು ರಚಿಸುವಂತೆ ನಿರ್ದೇಶಿಸಿತು. 509-ಎ ಕಲಮಿನ ಸೂಚಿತ ಪಾಠದಲ್ಲಿ ಇರುವ ಪದವು ‘ರೇಸ್’. ಅದನ್ನು ಕನ್ನಡಿಸುವವರು ‘ಮೂಲವಂಶ’ವೆಂದು ಬರೆದರೆ ಮಡಿವಾಳದ ಬೀದಿಯಲ್ಲಿ ಯಾರಿಗೂ ತಿಳಿಯಲಾರದು. ‘ಜನಾಂಗ’ವೆಂದು ಬರೆದರೆ ಮೈತೇಯಿಯೂ ಸಿದ್ದಿಯೂ ಮಾತ್ರವಲ್ಲದೆ ಮಾದಿಗನೂ ಅದರೊಳಗೆ ಬರುತ್ತಾನೆ, ಮೂಲದಲ್ಲಿಲ್ಲದ ಆ ಅರ್ಥವ್ಯಾಪ್ತಿಯನ್ನು ಭಾಷಾಂತರದ ದೋಷವೆಂದು ತಿದ್ದುವುದಕ್ಕೆ ಕನ್ನಡದ ಪ್ರಯೋಗದಲ್ಲಿ ಆಧಾರವಿಲ್ಲ.